ಮನೆಗೆ ಜ್ಯೂರಿ ಸಮನ್ಸ್ ಬಂದಿದೆ, ಮುಂದೇನು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿರುವ ಓದುಗರಿಂದಲೂ ಮಕ್ಕಳು ಅಲ್ಲಿ ನೆಲೆಸಿರುವ ಇಲ್ಲಿನ ಓದುಗರಿಂದಲೂ ಜ್ಯೂರಿ ಕರೆಯ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಅಲ್ಲಿ ಫೆಡರಲ್, ಅಂದರೆ ಕೇಂದ್ರದ, ಕೋರ್ಟು ಬೇರೆ, ರಾಜ್ಯದ ಕೋರ್ಟು ಬೇರೆ. ರಾಜ್ಯದಿಂದ ರಾಜ್ಯಕ್ಕೂ ನಿಯಮ ಬದಲಾಗುತ್ತದೆ. ಲಕೋಟೆಯ ಮೇಲೆ ಯಾವ ಕೋರ್ಟಿನ ಹೆಸರಿದೆ ಎಂದು ನೋಡದೆ ಬೇರೆ ಊರಿನ ಗೆಳೆಯರ ಸಲಹೆ ಕೇಳಿದರೆ ಎಡವಟ್ಟಾಗುತ್ತದೆ.

ಪ್ರಶ್ನೆ: ಸಮನ್ಸ್ ಅಂತ ದೊಡ್ಡಕ್ಷರದಲ್ಲಿ ಬರೆದ ಕಾಗದ ಬಂದಿದೆ. ಊರಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು, ‘ಯಾರು ಕೇಸು ಹಾಕಿದರು?’ ಅಂತ ರಾತ್ರಿಯಿಡೀ ನಿದ್ದೆ ಮಾಡಿಲ್ಲ. ಇದರಲ್ಲಿ ಹೆದರುವಂಥದ್ದೇನಾದರೂ ಇದೆಯೇ? – ಎಸ್.ಕೆ., ಸ್ಯಾನ್ ಹೋಸೆ

ಉತ್ತರ: ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಕೇಳುತ್ತಾ ಬೆಳೆದವರಿಗೆ ಕೋರ್ಟಿನ ಕಾಗದ ಎಂದರೆ ಎದೆ ಧಸಕ್ಕೆನ್ನುವುದು ಸಹಜ. ತಂದೆಯವರಿಗೆ ಹೇಳಿ: ಇದು ಅಮೀನ ತಂದು ಬಾಗಿಲಿಗೆ ಅಂಟಿಸುವ ಸಮನ್ಸ್ ಅಲ್ಲ. ನಿಮ್ಮ ಮೇಲೆ ಯಾವ ಕೇಸೂ ಇಲ್ಲ. ಬೇರೆ ಯಾರದೋ ಕೇಸನ್ನು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ಗುಂಪಿಗೆ, ಅಂದರೆ ಜ್ಯೂರಿಗೆ, ನಿಮ್ಮ ಹೆಸರು ಚೀಟಿ ಎತ್ತಿದಂತೆ ಬಂದಿದೆ, ಅಷ್ಟೆ. ಹೆಸರು ಸಿಗುವುದು ಮತದಾರರ ಪಟ್ಟಿಯಿಂದ. ಅನೇಕ ಕಡೆ ಡ್ರೈವಿಂಗ್ ಲೈಸೆನ್ಸ್ ಪಟ್ಟಿಯನ್ನೂ ಸೇರಿಸುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಮಾತ್ರ ಊರೂರಿನ ನಿವಾಸಿಗಳ ವಾರ್ಷಿಕ ಪಟ್ಟಿಯಿಂದಲೇ ತೆಗೆಯುತ್ತಾರೆ.

ಕಾಗದದಲ್ಲಿ ನಾಲ್ಕು ವಿಷಯ ಹುಡುಕಿ: ಕೋರ್ಟಿನ ಹೆಸರು, ನಿಮ್ಮ ಜೂರರ್ (ಜ್ಯೂರಿ ಸದಸ್ಯ) ನಂಬರು, ಗ್ರೂಪ್ ನಂಬರು, ಹಾಜರಾಗಬೇಕಾದ ದಿನ. ಬಂದಿರುವುದು ಬರೀ ಅರ್ಹತೆಯ ಪ್ರಶ್ನಾವಳಿಯೋ ಅಥವಾ ದಿನಾಂಕ ಸಹಿತ ಕರೆಯೋ ಎನ್ನುವುದನ್ನೂ ಗಮನಿಸಿ. ಫೆಡರಲ್ ಕೋರ್ಟುಗಳು ಸಾಮಾನ್ಯವಾಗಿ ಮೊದಲು ಪ್ರಶ್ನಾವಳಿ ಕಳಿಸಿ, ಅರ್ಹರನ್ನು ಸೋಸಿ, ಆಮೇಲೆ ಕರೆಯುತ್ತವೆ. ಆ ಪ್ರಶ್ನಾವಳಿಗೆ 10 ದಿನದೊಳಗೆ ಉತ್ತರಿಸಬೇಕು. ಅನೇಕ ರಾಜ್ಯ ಕೋರ್ಟುಗಳು ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸುತ್ತವೆ. ಉತ್ತರ ಕೊಟ್ಟ ಮೇಲೆ ಒಂದು ಪ್ರತಿ, ಆನ್‌ಲೈನ್ ಆದರೆ ದೃಢೀಕರಣದ ಪುಟ, ಇಟ್ಟುಕೊಳ್ಳಿ. ಉತ್ತರವೇ ಬಂದಿಲ್ಲ ಎಂದು ಕೋರ್ಟು ಹೇಳಿದರೆ ನಿಮ್ಮ ಕೈಯಲ್ಲಿರುವ ಪುರಾವೆ ಅದೊಂದೇ.

ಪ್ರಶ್ನೆ: ನನ್ನ ಹತ್ತಿರ ಇರುವುದು ಗ್ರೀನ್ ಕಾರ್ಡ್. ಆದರೂ ಕರೆ ಬಂದಿದೆ. ಹೋಗಿ ಸೇವೆ ಮಾಡಿದರೆ ಮುಂದೆ ಪೌರತ್ವಕ್ಕೆ ಒಳ್ಳೆಯದಾಗಬಹುದಲ್ಲವೇ? ಇಲ್ಲವಾದರೆ ಕಾಗದ ಕಸದ ಬುಟ್ಟಿಗೆ ಹಾಕಲೇ? – ಆರ್.ಎಂ., ಡಲ್ಲಾಸ್ ಹತ್ತಿರ

ಉತ್ತರ: ಎರಡೂ ಬೇಡ. ಈ ಅಂಕಣದಲ್ಲಿ ಅತಿ ಗಂಭೀರವಾದ ಪ್ರಶ್ನೆ ಇದೇ.

ಜ್ಯೂರಿಯಲ್ಲಿ ಕೂರಲು ಅಮೆರಿಕದ ಪೌರರೇ ಆಗಿರಬೇಕು. ಗ್ರೀನ್ ಕಾರ್ಡ್, ಎಚ್-1ಬಿ, ವಿದ್ಯಾರ್ಥಿ ವೀಸಾ ಯಾವುದೂ ಸಾಲದು. ಲೈಸೆನ್ಸ್ ಪಟ್ಟಿಯಲ್ಲಿ ಎಲ್ಲರ ಹೆಸರೂ ಇರುವುದರಿಂದ ನಿಮ್ಮಂಥವರಿಗೂ ಕಾಗದ ಬರುತ್ತದೆ. ಅದು ಕೋರ್ಟಿನ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ‘ನಾನು ಅಮೆರಿಕದ ಪೌರನಲ್ಲ’ ಎಂಬ ಕಡೆ ಗುರುತು ಹಾಕಿ, ಸಹಿ ಮಾಡಿ, ಗಡುವಿನೊಳಗೆ ಹಿಂದಿರುಗಿಸಿ. ಕೆಲವು ಕೋರ್ಟುಗಳು ಕಾರ್ಡಿನ ಪ್ರತಿ ಕೇಳುತ್ತವೆ, ಕೇಳಿದರೆ ಮಾತ್ರ ಲಗತ್ತಿಸಿ. ಅಲ್ಲಿಗೆ ಮುಗಿಯಿತು.

ತಪ್ಪಿ ‘ಪೌರ’ ಎಂಬ ಚೌಕಕ್ಕೆ ಗುರುತು ಬಿದ್ದರೆ ಏನಾಗುತ್ತದೆ? ಆ ಪ್ರಶ್ನಾವಳಿಗೆ ನೀವು ಸಹಿ ಹಾಕುವುದು ಸುಳ್ಳು ಹೇಳಿದರೆ ಶಿಕ್ಷೆ ಎಂಬ ಷರತ್ತಿನ ಕೆಳಗೆ. ಪೌರರಲ್ಲದವರು ಪೌರರೆಂದು ಹೇಳಿಕೊಳ್ಳುವುದು ವಲಸೆ ಕಾನೂನಿನಲ್ಲಿ ಗಡೀಪಾರಿಗೂ ಕಾರಣವಾಗಬಲ್ಲ ದೋಷ. ಪೌರತ್ವದ ಅರ್ಜಿ ಎನ್-400ರಲ್ಲಿ ‘ಎಂದಾದರೂ ಅಮೆರಿಕದ ಪೌರ ಎಂದು ಹೇಳಿಕೊಂಡಿದ್ದೀರಾ?’ ಎಂದು ನೇರವಾಗಿಯೇ ಕೇಳುತ್ತಾರೆ. ‘ಸೇವೆ ಮಾಡಿ ಪುಣ್ಯ ಕಟ್ಟಿಕೊಳ್ಳೋಣ’ ಎಂದು ಹೋದವರಿಗೆ ಅದೇ ಉರುಳಾದೀತು.

ಇನ್ನೊಂದು ಎಳೆ ಇದೆ. ಲೈಸೆನ್ಸ್ ಮಾಡಿಸುವಾಗ ಗೊತ್ತಿಲ್ಲದೆ ಮತದಾರರ ಪಟ್ಟಿಗೂ ಹೆಸರು ಸೇರಿಸಿಬಿಟ್ಟವರಿದ್ದಾರೆ. ಕೆಲವು ರಾಜ್ಯಗಳಲ್ಲಿ, ನಿಮ್ಮ ಟೆಕ್ಸಸ್ ಸೇರಿ, ‘ಪೌರನಲ್ಲ’ ಎಂದು ಜ್ಯೂರಿಯಿಂದ ಬಿಡಿಸಿಕೊಂಡವರ ಹೆಸರು ಮತದಾರರ ಪಟ್ಟಿ ನೋಡುವ ಅಧಿಕಾರಿಗಳಿಗೆ ಹೋಗುತ್ತದೆ. ಹಾಗೆಂದು ಸುಳ್ಳು ಬರೆಯಬೇಡಿ. ಆ ಪಟ್ಟಿಯಲ್ಲಿ ನಿಮ್ಮ ಹೆಸರಿರಬಹುದೆಂಬ ಅನುಮಾನವಿದ್ದರೆ, ಗಡುವು ಮೀರುವ ಮೊದಲೇ ವಲಸೆ ವಕೀಲರನ್ನು ಕಂಡು ಆಮೇಲೆ ಉತ್ತರಿಸಿ.

ಪೌರತ್ವದ ಸಂದರ್ಶನ ಪಾಸಾಗಿ ಪ್ರಮಾಣವಚನಕ್ಕೆ ಕಾಯುತ್ತಿರುವವರು ಇನ್ನೂ ಪೌರರಲ್ಲ. ಪ್ರಮಾಣ ಸ್ವೀಕರಿಸಿದ ದಿನದಿಂದಲೇ ಲೆಕ್ಕ. ಆ ದಿನ ಜ್ಯೂರಿಯ ದಿನಕ್ಕಿಂತ ಮೊದಲೇ ಇದ್ದರೆ ಜ್ಯೂರಿ ಕಚೇರಿಗೆ ಫೋನ್ ಮಾಡಿ ಹಾಗೆಂದು ತಿಳಿಸಿ, ಅವರು ಹೇಳಿದಂತೆ ಮಾಡಿ. ಅಮೆರಿಕದ ಪೌರರಾಗಿ ಜೊತೆಗೆ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡವರಿಗೆ ಯಾವ ವಿನಾಯಿತಿಯೂ ಇಲ್ಲ, ಹೋಗಲೇಬೇಕು.

ಪ್ರಶ್ನೆ: ಅಮ್ಮನಿಗೆ 73. ಪೌರತ್ವ ಸಿಕ್ಕಿದೆ, ಇಂಗ್ಲಿಷ್ ಅಷ್ಟಕ್ಕಷ್ಟೆ, ಮಂಡಿನೋವು ಬೇರೆ. ಅವರ ಬದಲು ನಾನು ಹೋಗಬಹುದೇ, ಅಥವಾ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಬಹುದೇ? – ವಿ.ಎಸ್., ಬಾಸ್ಟನ್

ಉತ್ತರ: ಎರಡೂ ಆಗುವುದಿಲ್ಲ. ಕರೆ ಯಾರ ಹೆಸರಿಗೆ ಬಂದಿದೆಯೋ ಅವರದೇ. ಆದರೆ ಅಮ್ಮ ಹೋಗಬೇಕಾಗಿಯೂ ಇಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 70 ದಾಟಿದವರು ಬೇಡವೆಂದರೆ ಬಿಡಬಹುದು. ಫಾರಂನಲ್ಲಿ ಅದಕ್ಕೆ ಜಾಗವಿದೆ. ಬಹುತೇಕ ಫೆಡರಲ್ ಕೋರ್ಟುಗಳೂ 70 ಮೀರಿದವರನ್ನು ಕೇಳಿಕೊಂಡರೆ ಬಿಡುತ್ತವೆ. ಗಮನಿಸಿ, ಕೇಳಿಕೊಂಡರೆ, ತಾನಾಗಿ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಯಸ್ಸೊಂದೇ ಕಾರಣವಾಗದು. ಅನಾರೋಗ್ಯವೆಂದು ಬರೆಯಬೇಕು, ಆದರೆ 70 ಆದವರಿಂದ ಡಾಕ್ಟರ ಚೀಟಿ ಕೇಳುವುದಿಲ್ಲ.

ಇಂಗ್ಲಿಷಿನ ವಿಷಯ. ಆರೋಪಿಗೆ, ಸಾಕ್ಷಿಗೆ ದುಭಾಷಿ ಕೊಡುತ್ತಾರೆ, ಜ್ಯೂರಿಯವರಿಗೆ ಕೊಡುವುದಿಲ್ಲ. ಅಪವಾದ ನ್ಯೂ ಮೆಕ್ಸಿಕೊ, ಅಲ್ಲಿನ ಸಂವಿಧಾನವೇ ಇಂಗ್ಲಿಷ್ ಬಾರದವರನ್ನೂ ಜ್ಯೂರಿಗೆ ಸೇರಿಸುತ್ತದೆ. ಕಿವಿ ಕೇಳಿಸದವರಿಗೆ ಸಂಜ್ಞೆ ಭಾಷೆಯ ದುಭಾಷಿ ಸಿಗುತ್ತಾರೆ, ಅದು ಬೇರೆ ಮಾತು. 55 ದಾಟಿ, 15 ವರ್ಷ ಗ್ರೀನ್ ಕಾರ್ಡ್ ಇದ್ದವರು ಪೌರತ್ವದ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಕೊಡಬಹುದು. ಅಮ್ಮ ಹಾಗೆ ಪೌರರಾಗಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಫಾರಂ ನೀವು ತುಂಬಿಕೊಡಬಹುದು. ಆದರೆ ತುಂಬಿದವರು ಯಾರು, ಏಕೆ ಎನ್ನುವುದನ್ನು ಫಾರಂನಲ್ಲೇ ಹೇಳಬೇಕು.

ಪ್ರಶ್ನೆ: ತಂಗಿಯ ಮದುವೆಗೆ ಬೆಂಗಳೂರಿಗೆ ಟಿಕೆಟ್ ಆಗಿದೆ, ಅದೇ ವಾರ ಕರೆ ಬಂದಿದೆ. ಏನು ಬರೆಯಬೇಕು? – ಪಿ.ಎನ್., ಫ್ರೀಮಾಂಟ್

ಉತ್ತರ: ಬಿಡುಗಡೆ ಕೇಳಬೇಡಿ, ಮುಂದೂಡಿಕೆ ಕೇಳಿ. ಈ ಎರಡರ ವ್ಯತ್ಯಾಸ ತಿಳಿಯದೆ ‘ನನ್ನನ್ನು ಬಿಟ್ಟುಬಿಡಿ’ ಎಂದು ಉದ್ದುದ್ದ ಪತ್ರ ಬರೆಯುವವರೇ ಜಾಸ್ತಿ. ಬಿಡುಗಡೆಗೆ ಬಲವಾದ ಕಾರಣ ಬೇಕು; ಮುಂದೂಡಿಕೆಯನ್ನು ಬಹುತೇಕ ಕೋರ್ಟುಗಳು ಮೊದಲ ಸಲ ಸಲೀಸಾಗಿ ಕೊಡುತ್ತವೆ. ಆನ್‌ಲೈನ್ ಪೋರ್ಟಲ್‌ನಲ್ಲಿ ಜೂರರ್ ನಂಬರು ಹಾಕಿದರೆ ಹೊಸ ದಿನ ಆರಿಸುವ ಅವಕಾಶವೂ ಇರುತ್ತದೆ. ಎಷ್ಟು ದೂರ ತಳ್ಳಬಹುದು ಎನ್ನುವುದು ಕೋರ್ಟಿಗೆ ಬಿಟ್ಟದ್ದು. ಮ್ಯಾಸಚೂಸೆಟ್ಸ್‌ನಲ್ಲಿ ಒಂದು ವರ್ಷದವರೆಗೂ ಹೋಗಬಹುದು, ಹೆಚ್ಚಿನ ಕಡೆ ಕೆಲವೇ ತಿಂಗಳು.

ಹೊಸ ದಿನ ಆರಿಸುವಾಗ ಯೋಚಿಸಿ. ಎರಡನೇ ಸಲ ಅಷ್ಟು ಸುಲಭವಾಗಿ ಸಿಗದು. ಮಕ್ಕಳ ಪರೀಕ್ಷೆ, ಆಫೀಸಿನ ರಿಲೀಸ್, ಮನೆಯಲ್ಲಿ ಯಾರದಾದರೂ ಶಸ್ತ್ರಚಿಕಿತ್ಸೆ, ಎಲ್ಲ ಲೆಕ್ಕ ಹಾಕಿ ಆ ವಾರ ಮಾತ್ರವಲ್ಲ, ಅದರ ಮುಂದಿನ ವಾರವೂ ಖಾಲಿಯಿರುವಂತೆ ನೋಡಿ. ಸೋಮವಾರ ಆಯ್ಕೆಯಾದವರ ಕೇಸು ಆ ಶುಕ್ರವಾರವೇ ಮುಗಿಯಬೇಕೆಂದಿಲ್ಲ.

ಬಿಡುಗಡೆಗೆ ಒಪ್ಪುವ ಕಾರಣಗಳು ಹೀಗಿರುತ್ತವೆ: ಬೇರೆ ಯಾರೂ ನೋಡಿಕೊಳ್ಳಲಾಗದ ಮಗು ಅಥವಾ ರೋಗಿ, ದುಡಿಮೆ ನಿಂತರೆ ಮನೆ ನಡೆಯದ ಸ್ಥಿತಿ, ಡಾಕ್ಟರ ಚೀಟಿ ಇರುವ ಕಾಯಿಲೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯಿಂದ ಕೋರ್ಟಿಗೆ ಒಂದೂವರೆ ಗಂಟೆಗಿಂತ ಹೆಚ್ಚು ಪ್ರಯಾಣವಿದ್ದರೂ ಕೇಳಬಹುದು. ಎದೆಹಾಲು ಕುಡಿಸುವ ತಾಯಿ ಒಂದು ವರ್ಷದವರೆಗೆ ಮುಂದೂಡಿಸಿಕೊಳ್ಳಬಹುದು. ‘ಆಫೀಸಿನಲ್ಲಿ ಕೆಲಸ ಜಾಸ್ತಿ’ ಎನ್ನುವುದು ಎಲ್ಲೂ ನಡೆಯದು. ಅಲ್ಲಿ ಕೂತ ಎಲ್ಲರಿಗೂ ಕೆಲಸ ಜಾಸ್ತಿಯೇ ಇರುತ್ತದೆ.

ಪ್ರಶ್ನೆ: ಸಂಬಳ ಕಟ್ ಆಗುತ್ತದೆಯೇ? ಕೋರ್ಟು ಎಷ್ಟು ಕೊಡುತ್ತದೆ? – ಹೆಸರು ಬೇಡ, ಆಸ್ಟಿನ್

ಉತ್ತರ: ಕೋರ್ಟು ಕೊಡುವುದು ಕೈಖರ್ಚಿನಷ್ಟು. ಫೆಡರಲ್ ಕೋರ್ಟಿನಲ್ಲಿ ದಿನಕ್ಕೆ 50 ಡಾಲರ್. ಒಂದೇ ಕೇಸು 10 ದಿನ ಮೀರಿದರೆ ನ್ಯಾಯಾಧೀಶರು ಅದನ್ನು 60ಕ್ಕೆ ಏರಿಸಬಹುದು. ಓಡಾಟದ ಮೈಲಿ ಲೆಕ್ಕ ಬೇರೆ. ನಿಮ್ಮ ಟೆಕ್ಸಸ್‌ನಲ್ಲಿ ಮೊದಲ ದಿನ 20, ಆಮೇಲೆ ದಿನಕ್ಕೆ 58 ಡಾಲರ್. ಕ್ಯಾಲಿಫೋರ್ನಿಯಾದ ಸಾಮಾನ್ಯ ದರ ಮೊದಲ ದಿನ ಸೊನ್ನೆ, ಎರಡನೆಯ ದಿನದಿಂದ 15.

ಸಂಬಳದ ವಿಷಯ ನಿಮ್ಮ ಕೆಲಸದ ಬಗೆಯನ್ನು ಅವಲಂಬಿಸಿದೆ. ಜ್ಯೂರಿಗೆ ಹೋದ ದಿನದ ಸಂಬಳ ಕೊಡಲೇಬೇಕೆಂದು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಇಲ್ಲ. ರಾಜ್ಯಗಳಲ್ಲಿ ಕೆಲವು ಕೊಡಿಸುತ್ತವೆ: ಮ್ಯಾಸಚೂಸೆಟ್ಸ್‌ನಲ್ಲಿ ಮೊದಲ 3 ದಿನ ಕಂಪನಿಯೇ ಸಂಬಳ ಕೊಡಬೇಕು, ಕನೆಕ್ಟಿಕಟ್‌ನಲ್ಲಿ ಪೂರ್ಣಾವಧಿ ನೌಕರರಿಗೆ ಮೊದಲ 5 ದಿನ. ಆದರೆ ಓವರ್‌ಟೈಮ್ ಇಲ್ಲದ ಮಾಸಿಕ ಸಂಬಳದವರಿಗೆ, ಅಂದರೆ ‘ಎಕ್ಸೆಂಪ್ಟ್’ ಎಂದು ಕರೆಯುವ ವರ್ಗಕ್ಕೆ, ಒಂದು ಅನುಕೂಲವಿದೆ. ಸಾಫ್ಟ್‌ವೇರಿನವರು ಬಹಳಷ್ಟು ಮಂದಿ ಈ ವರ್ಗದವರೇ. ವಾರದಲ್ಲಿ ಸ್ವಲ್ಪವಾದರೂ ಕೆಲಸ ಮಾಡಿದ್ದರೆ, ಜ್ಯೂರಿಗೆ ಹೋದ ದಿನಗಳಿಗೆಂದು ಆ ವಾರದ ಸಂಬಳ ಕಡಿಯುವಂತಿಲ್ಲ. ಕೋರ್ಟು ಕೊಟ್ಟ ಹಣವನ್ನು ಮಾತ್ರ ವಜಾ ಮಾಡಿಕೊಳ್ಳಬಹುದು. ಗಂಟೆ ಲೆಕ್ಕದ ಕಾಂಟ್ರಾಕ್ಟ್ ಕೆಲಸದವರಿಗೆ ಈ ರಕ್ಷಣೆ ಇಲ್ಲ. ಅವರಿಗೆ ದೀರ್ಘ ಕೇಸು ನಿಜವಾಗಿಯೂ ಹೊರೆ, ಆಯ್ಕೆಯ ಹೊತ್ತಿನಲ್ಲಿ ಅದನ್ನು ಅಂಕಿಸಂಖ್ಯೆ ಸಮೇತ ಹೇಳಬೇಕು.

ಫೆಡರಲ್ ಜ್ಯೂರಿಗೆ ಹೋದದ್ದಕ್ಕೆ ಕೆಲಸದಿಂದ ತೆಗೆದರೆ, ಬೆದರಿಸಿದರೆ, ಕಂಪನಿಗೆ ಪ್ರತಿ ನೌಕರರ ಪ್ರತಿ ಉಲ್ಲಂಘನೆಗೆ 5,000 ಡಾಲರ್‌ವರೆಗೆ ದಂಡ ಬೀಳಬಹುದು. ಕರೆ ಬಂದ ದಿನವೇ ಮ್ಯಾನೇಜರಿಗೆ ಪ್ರತಿ ಕಳಿಸಿ. ಕೋರ್ಟಿನಿಂದ ಹೊರಡುವಾಗ ಹಾಜರಾತಿ ಪತ್ರ ಕೇಳಿ ಪಡೆಯಿರಿ. ಎಚ್‌ಆರ್‌ನವರು ಕೇಳುವುದು ಅದನ್ನೇ.

ಪ್ರಶ್ನೆ: ಆ ದಿನ ಏನೇನು ನಡೆಯುತ್ತದೆ? ಏನು ಒಯ್ಯಬೇಕು? – ಎಲ್.ಬಿ., ಸನ್ನಿವೇಲ್

ಉತ್ತರ: ಹಿಂದಿನ ಸಂಜೆಯಿಂದ ಶುರು. ಅನೇಕ ಕೋರ್ಟುಗಳಲ್ಲಿ ನಿಮ್ಮದು ‘ಸ್ಟ್ಯಾಂಡ್‌ಬೈ’ ಸರದಿ. ಸಂಜೆ ಕೋರ್ಟಿನ ವೆಬ್‌ಸೈಟ್ ಅಥವಾ ರೆಕಾರ್ಡ್ ಮಾಡಿದ ಫೋನ್ ಸಂದೇಶದಲ್ಲಿ ನಿಮ್ಮ ಗ್ರೂಪ್ ನಂಬರು ಬರಬೇಕೇ ಬೇಡವೇ ಎಂದು ನೋಡಬೇಕು. ಎಡವುವುದು ಇಲ್ಲೇ. ಸೋಮವಾರ ಬೇಡವೆಂದರು ಎಂದು ಮಂಗಳವಾರಕ್ಕೆ ನೋಡುವುದನ್ನೇ ಮರೆಯುತ್ತಾರೆ. ವಾರವಿಡೀ ಪ್ರತಿ ಸಂಜೆ ನೋಡಿ ಎಂದಿದ್ದರೆ ಪ್ರತಿ ಸಂಜೆಯೂ ನೋಡಲೇಬೇಕು.

ಬಾಗಿಲಲ್ಲಿ ವಿಮಾನ ನಿಲ್ದಾಣದಂಥ ತಪಾಸಣೆ. ಕೀಗೊಂಚಲಿನ ಚಿಕ್ಕ ಚಾಕು, ಕತ್ತರಿ, ಹೆಣಿಗೆಯ ಸೂಜಿ ಮನೆಯಲ್ಲೇ ಬಿಡಿ. ಕೆಲವು ಫೆಡರಲ್ ಕೋರ್ಟುಗಳು ಮೊಬೈಲನ್ನೂ ಒಳಗೆ ಬಿಡುವುದಿಲ್ಲ. ಸಮನ್ಸ್‌ನ ಹಿಂಬದಿಯಲ್ಲಿ ಬರೆದಿರುತ್ತದೆ. ಸಮನ್ಸ್ ಕಾಗದ, ಗುರುತಿನ ಚೀಟಿ, ಓದಲು ಪುಸ್ತಕ, ಬುತ್ತಿ, ಒಂದು ಸ್ವೆಟರ್ ಇರಲಿ. ಕೋರ್ಟಿನ ಕೋಣೆಗಳ ಎಸಿ ಚಳಿ ಹುಟ್ಟಿಸುತ್ತದೆ. ಚಡ್ಡಿ, ಹವಾಯಿ ಚಪ್ಪಲಿ ಬೇಡ; ಸೂಟೂ ಬೇಕಿಲ್ಲ. ಪಾರ್ಕಿಂಗ್ ಎಲ್ಲಿ, ಚೀಟಿಗೆ ಮುದ್ರೆ ಹಾಕಿಸಬೇಕೇ ಎಂದು ಮೊದಲೇ ನೋಡಿಕೊಂಡು ಅರ್ಧ ಗಂಟೆ ಮುಂಚೆ ತಲುಪಿ.

ಒಳಗೆ ಹಾಜರಿ, ಒಂದು ಪರಿಚಯದ ವಿಡಿಯೊ, ಮತ್ತೆ ಕಾಯುವುದು. ಹೆಸರು ಕೂಗಿದವರು ಗುಂಪಾಗಿ ಕೋರ್ಟ್ ಹಾಲಿಗೆ ಹೋಗುತ್ತಾರೆ. ಕೂಗದವರು ಸಂಜೆವರೆಗೆ ಕೂತು ಮನೆಗೆ. ಕ್ಯಾಲಿಫೋರ್ನಿಯಾದಂಥ ‘ಒಂದು ದಿನ ಅಥವಾ ಒಂದು ಕೇಸು’ ಪದ್ಧತಿಯಲ್ಲಿ ಆ ದಿನ ಯಾವ ಕೇಸಿಗೂ ಆಯ್ಕೆಯಾಗದಿದ್ದರೆ ಆ ಕರೆಯ ಋಣ ತೀರಿತು. ಎಷ್ಟೋ ಸಲ ನೀವು ಕಾಯುತ್ತಿರುವಾಗಲೇ ಮೇಲಿನ ಮಹಡಿಯಲ್ಲಿ ಎರಡೂ ಕಡೆಯವರು ರಾಜಿಯಾಗಿಬಿಡುತ್ತಾರೆ. ಜ್ಯೂರಿ ಬಾಗಿಲಲ್ಲಿ ನಿಂತಿದೆ ಎಂಬುದೇ ರಾಜಿಗೆ ದೂಡುತ್ತದೆ. ಹಾಗಾಗಿ ಸುಮ್ಮನೆ ಕೂತು ಬಂದಿರೆಂದು ಬೇಸರಪಡಬೇಡಿ, ಕೂತದ್ದೇ ಕೆಲಸ ಮಾಡಿರುತ್ತದೆ.

ಪ್ರಶ್ನೆ: ‘ಪೊಲೀಸರನ್ನು ಕಂಡರಾಗದು’ ಅಂತಲೋ ‘ನಾನು ಪಕ್ಷಪಾತಿ’ ಅಂತಲೋ ಹೇಳಿದರೆ ಕಳಿಸಿಬಿಡುತ್ತಾರೆ ಅಂತ ಗೆಳೆಯರು ಹೇಳುತ್ತಾರೆ. ನಿಜವೇ? – ಕೆ.ಜಿ., ನ್ಯೂಜೆರ್ಸಿ

ಉತ್ತರ: ಗೆಳೆಯರು ಅರ್ಧ ಹೇಳಿದ್ದಾರೆ. ಉಳಿದರ್ಧ ಇಲ್ಲಿದೆ.

ಆಯ್ಕೆಯ ಈ ಘಟ್ಟಕ್ಕೆ ‘ವ್ವಾ ಡೀರ್’ ಎನ್ನುತ್ತಾರೆ; ಟೆಕ್ಸಸ್ ಕಡೆ ‘ವೋರ್ ಡಾಯರ್’ ಎಂದು ಕೇಳಿಸೀತು, ಎರಡೂ ಒಂದೇ. ನೀವು ಪ್ರಮಾಣ ಮಾಡಿದ ಮೇಲೆ ನ್ಯಾಯಾಧೀಶರು, ವಕೀಲರು ಪ್ರಶ್ನೆ ಕೇಳುತ್ತಾರೆ: ಕೆಲಸ ಏನು, ಮನೆಯವರ ಕೆಲಸ ಏನು, ಹಿಂದೆ ಕೇಸಿನಲ್ಲಿ ಸಿಕ್ಕಿದ್ದಿರಾ, ಮನೆಯಲ್ಲಿ ಕಳ್ಳತನ ಆಗಿತ್ತೇ, ಪೊಲೀಸ್ ಇಲಾಖೆಯಲ್ಲಿ ನೆಂಟರಿದ್ದಾರೆಯೇ, ಈ ಆರೋಪ ಕೇಳಿದ ಮೇಲೂ ತೆರೆದ ಮನಸ್ಸಿನಿಂದ ಕೇಳಬಲ್ಲಿರಾ. ಪ್ರಮಾಣದ ಮೇಲೆ ಬೇಕೆಂದೇ ಸುಳ್ಳಾಡಿದರೆ ಅದೇ ಅಪರಾಧ. ಅಲ್ಲದೆ ನ್ಯಾಯಾಧೀಶರು ಈ ನಾಟಕ ದಿನಾ ನೋಡುವವರು. ‘ನಾನು ಪಕ್ಷಪಾತಿ’ ಎಂದವರನ್ನು ಅಷ್ಟಕ್ಕೇ ಬಿಡದೆ, ‘ಸರಿ, ಆದರೆ ನಾನು ಹೇಳುವ ಕಾನೂನನ್ನು ಪಾಲಿಸುತ್ತೀರಾ?’ ಎಂದು ಇಪ್ಪತ್ತು ಜನರೆದುರು ಬೆನ್ನು ಹತ್ತುತ್ತಾರೆ. ಹೌದೆಂದರೆ ಉಳಿದಿರಿ, ಇಲ್ಲವೆಂದರೆ ಮುಖಭಂಗ. ಒಂದು ಕೇಸಿನಿಂದ ತಪ್ಪಿಸಿಕೊಂಡವರನ್ನು ಅದೇ ದಿನ ಬೇರೆ ಹಾಲಿಗೆ ಕಳಿಸುವುದೂ ಉಂಟು.

ಕೈಬಿಡುವುದರಲ್ಲಿ ಎರಡು ದಾರಿ. ಒಂದು ಕಾರಣ ಸಹಿತ: ನೀವು ನಿಷ್ಪಕ್ಷಪಾತವಾಗಿರಲಾರಿರಿ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಇದಕ್ಕೆ ಮಿತಿಯಿಲ್ಲ. ಇನ್ನೊಂದು ಕಾರಣ ಹೇಳದೆ: ಪ್ರತಿ ಪಕ್ಷಕ್ಕೂ ಇಷ್ಟೇ ಎಂದು ಲೆಕ್ಕವಿದೆ. ಫೆಡರಲ್ ಕೋರ್ಟಿನ ಗಂಭೀರ ಕ್ರಿಮಿನಲ್ ಕೇಸಿನಲ್ಲಿ ಸರ್ಕಾರಕ್ಕೆ 6, ಆರೋಪಿಯ ಕಡೆಗೆ 10. ಮರಣದಂಡನೆಯ ಕೇಸಿನಲ್ಲಿ ಇಬ್ಬರಿಗೂ 20. ಸಿವಿಲ್ ಕೇಸಿನಲ್ಲಿ 3. ಕಾರಣ ಹೇಳಬೇಕಿಲ್ಲ ಎಂದರೂ ಜನಾಂಗ ನೋಡಿ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1986ರ ಬ್ಯಾಟ್ಸನ್ ತೀರ್ಪಿನಲ್ಲಿ ಹೇಳಿತು. ಹೆಣ್ಣು-ಗಂಡು ನೋಡಿ ತೆಗೆಯುವಂತಿಲ್ಲ ಎಂದದ್ದು 1994ರಲ್ಲಿ. ನಿಮ್ಮನ್ನು ಕೈಬಿಟ್ಟರೆ ಅವಮಾನವೆಂದುಕೊಳ್ಳಬೇಡಿ. ವೈದ್ಯಕೀಯ ನಿರ್ಲಕ್ಷ್ಯದ ಕೇಸಿನಲ್ಲಿ ಡಾಕ್ಟರನ್ನು ಬಿಡುವುದು, ಪೇಟೆಂಟ್ ಕೇಸಿನಲ್ಲಿ ಎಂಜಿನಿಯರನ್ನು ಬಿಡುವುದು ವಾಡಿಕೆ. ಜ್ಯೂರಿ ಕೂತು ಚರ್ಚಿಸುವ ಕೋಣೆಯಲ್ಲಿ ಅವರ ಮಾತೇ ಉಳಿದ ಹನ್ನೊಂದು ಜನರ ಮಾತಾಗಿಬಿಡುತ್ತದೆ ಎಂಬ ಅಂಜಿಕೆ ವಕೀಲರಿಗೆ.

ನಿಜವಾದ ತೊಡಕಿದ್ದರೆ ಹೇಳಿ. ಮನೆಯಲ್ಲಿ ನಡೆದ ದೌರ್ಜನ್ಯ, ಕಾಯಿಲೆ, ಇಂಥದ್ದನ್ನು ಎಲ್ಲರೆದುರು ಹೇಳಲಾಗದಿದ್ದರೆ ‘ಖಾಸಗಿಯಾಗಿ ಹೇಳಬಹುದೇ?’ ಎಂದು ಕೇಳಿ. ನ್ಯಾಯಾಧೀಶರು ಹತ್ತಿರ ಕರೆದು ವಕೀಲರ ಸಮ್ಮುಖದಲ್ಲಿ ಕೇಳಿಸಿಕೊಳ್ಳುತ್ತಾರೆ. ಇನ್ನೊಬ್ಬರ ಬಗ್ಗೆ ತೀರ್ಪು ಹೇಳುವುದು ನಿಮ್ಮ ಧರ್ಮಕ್ಕೆ ಒಗ್ಗದು ಎಂಬ ನಂಬಿಕೆ ಇದ್ದರೂ ಈಗಲೇ ಹೇಳಬೇಕು, ಕೇಸು ಮುಗಿದು ಕೋಣೆಯೊಳಗೆ ಹೋದ ಮೇಲಲ್ಲ.

ಪ್ರಶ್ನೆ: ಪ್ರಮಾಣ ಮಾಡುವಾಗ ಬೈಬಲ್ ಮುಟ್ಟಬೇಕೇ? – ಜಿ.ಎ., ಅಟ್ಲಾಂಟಾ

ಉತ್ತರ: ಬೇಡ. ದೇವರ ಹೆಸರಿಲ್ಲದೆ ‘ದೃಢಪಡಿಸುತ್ತೇನೆ’ ಎನ್ನುವ ಆಯ್ಕೆ ಎಲ್ಲರಿಗೂ ಇದೆ. ಗುಂಪಾಗಿ ಬಲಗೈ ಎತ್ತಿಸುತ್ತಾರೆ, ಅಷ್ಟೆ.

ಪ್ರಶ್ನೆ: ಆಯ್ಕೆಯಾಗಿದ್ದೇನೆ. ಮನೆಯವರ ಹತ್ತಿರವೂ ಮಾತಾಡಬಾರದಂತೆ. ಗೂಗಲ್‌ನಲ್ಲಿ ಒಂದು ಪದದ ಅರ್ಥ ನೋಡುವುದೂ ತಪ್ಪೇ? – ಎಸ್.ಆರ್., ಷಿಕಾಗೊ ಹತ್ತಿರ

ಉತ್ತರ: ತಪ್ಪೇ. ಸಾಕ್ಷ್ಯವಾಗಿ ಹಾಲಿನಲ್ಲಿ ಬಂದದ್ದು, ನ್ಯಾಯಾಧೀಶರು ಹೇಳಿದ ಕಾನೂನು, ಇವೆರಡೇ ನಿಮ್ಮ ಸರಕು. ಹೊರಗಿನಿಂದ ತಂದ ಮಾಹಿತಿಗೆ ಪಾಟೀಸವಾಲು ಇಲ್ಲ. ಅದು ತಪ್ಪಾಗಿದ್ದರೆ ತಪ್ಪೆಂದು ತೋರಿಸುವ ಅವಕಾಶ ಯಾರಿಗೂ ಸಿಗದು. ‘ನಿರ್ಲಕ್ಷ್ಯ’ ಎಂಬ ಪದಕ್ಕೆ ನಿಘಂಟಿನ ಅರ್ಥ ಬೇರೆ, ಆ ರಾಜ್ಯದ ಕಾನೂನಿನ ಅರ್ಥ ಬೇರೆ ಇರಬಹುದು. ಘಟನೆ ನಡೆದ ಜಾಗ ನೋಡಿ ಬರುವುದು, ಮ್ಯಾಪಿನಲ್ಲಿ ದೂರ ಅಳೆಯುವುದು, ವಕೀಲರ ಹೆಸರು ಹುಡುಕುವುದು ಯಾವುದೂ ಕೂಡದು. ಒಬ್ಬರು ಹೀಗೆ ಮಾಡಿದ್ದು ಬಯಲಾದರೆ ವಾರಗಟ್ಟಲೆ ನಡೆದ ವಿಚಾರಣೆ ರದ್ದಾಗಿ ಮತ್ತೆ ಮೊದಲಿನಿಂದ ನಡೆಯಬೇಕಾದೀತು.

ಮನೆಯಲ್ಲಿ ಇಷ್ಟು ಹೇಳಬಹುದು: ಜ್ಯೂರಿಯಲ್ಲಿದ್ದೇನೆ, ಕ್ರಿಮಿನಲ್ ಅಥವಾ ಸಿವಿಲ್, ಇಂಥ ದಿನದವರೆಗೆ ನಡೆಯಬಹುದು. ಫ್ಯಾಮಿಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದಕ್ಕಿಂತ ಒಂದಕ್ಷರ ಹೆಚ್ಚು ಬೇಡ. ಟಿಪ್ಪಣಿ ಬರೆದುಕೊಳ್ಳಲು ನ್ಯಾಯಾಧೀಶರು ಬಿಟ್ಟರೆ ಪುಸ್ತಕವನ್ನು ಕೋರ್ಟಿನಲ್ಲೇ ಬಿಟ್ಟುಬರಬೇಕು. ಲಿಫ್ಟಿನಲ್ಲಿ ವಕೀಲರು ಸಿಕ್ಕಿ ನಮಸ್ಕಾರಕ್ಕೂ ಪ್ರತಿ ಹೇಳದಿದ್ದರೆ ಒರಟರೆಂದುಕೊಳ್ಳಬೇಡಿ. ಅವರಿಗೂ ನಿಮ್ಮೊಡನೆ ಮಾತಾಡುವಂತಿಲ್ಲ.

ಪ್ರಶ್ನೆ: ಹನ್ನೆರಡೂ ಜನ ಒಪ್ಪಲೇಬೇಕೇ? ನಾನೊಬ್ಬಳೇ ಒಪ್ಪದಿದ್ದರೆ? – ಎಂ.ವಿ., ಸ್ಯಾಕ್ರಮೆಂಟೊ

ಉತ್ತರ: ಗಂಭೀರ ಕ್ರಿಮಿನಲ್ ಕೇಸಿನಲ್ಲಿ ಒಪ್ಪಲೇಬೇಕು. ಸುಪ್ರೀಂ ಕೋರ್ಟಿನ 2020ರ ರಾಮೋಸ್ ತೀರ್ಪಿಗೆ ಮುಂಚೆ ಲೂಯಿಸಿಯಾನ, ಒರೆಗಾನ್‌ಗಳಲ್ಲಿ 10-2 ಸಾಕಾಗುತ್ತಿತ್ತು, ಈಗ ಅಲ್ಲೂ ಇಲ್ಲ. ಸಂಖ್ಯೆ ಯಾವಾಗಲೂ ಹನ್ನೆರಡೇ ಅಲ್ಲ. ಫ್ಲಾರಿಡಾದಲ್ಲಿ ಮರಣದಂಡನೆಯಿಲ್ಲದ ಕ್ರಿಮಿನಲ್ ಕೇಸಿಗೆ ಆರು ಜನ. ಸಿವಿಲ್‌ನಲ್ಲಿ ಸಡಿಲಿಕೆ ಉಂಟು: ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ 12ರಲ್ಲಿ 9 ಸಾಕು, ನ್ಯೂಯಾರ್ಕ್‌ನಲ್ಲಿ 6ರಲ್ಲಿ 5. ಅಳತೆಗೋಲೂ ಬೇರೆ. ಕ್ರಿಮಿನಲ್‌ನಲ್ಲಿ ಸಮಂಜಸ ಸಂಶಯ ಉಳಿಯದಷ್ಟು ರುಜುವಾತಾಗಬೇಕು. ಸಿವಿಲ್‌ನಲ್ಲಿ ತಕ್ಕಡಿ ಒಂದು ಕಡೆಗೆ ಗುಲಗಂಜಿಯಷ್ಟು ವಾಲಿದರೂ ಸಾಮಾನ್ಯವಾಗಿ ಸಾಕು.

ಒಬ್ಬರೇ ಉಳಿದರೆ ಇತರರ ವಾದ ಕೇಳಿ, ನಿಮ್ಮದನ್ನು ಸಾಕ್ಷ್ಯ ತೋರಿಸಿ ಹೇಳಿ. ಮನಸ್ಸು ಬದಲಾದರೆ ಬದಲಿಸಿ; ಊಟಕ್ಕೆ ಹೊತ್ತಾಯಿತೆಂದು ಬದಲಿಸಬೇಡಿ. ಸಾಕ್ಷಿಯ ಹೇಳಿಕೆ ಮತ್ತೆ ಕೇಳಬೇಕೆನಿಸಿದರೆ ಜ್ಯೂರಿಯ ಮುಖ್ಯಸ್ಥರ ಮೂಲಕ ನ್ಯಾಯಾಧೀಶರಿಗೆ ಚೀಟಿ ಬರೆಯಬಹುದು. ಚೀಟಿಯಲ್ಲಿ ‘11-1 ಆಗಿದೆ’ ಎಂದು ಎಣಿಕೆ ಬರೆಯಬಾರದು. ಕೊನೆಗೂ ಒಮ್ಮತ ಬಾರದಿದ್ದರೆ ವಿಚಾರಣೆ ಅನೂರ್ಜಿತ, ಮತ್ತೊಂದು ಜ್ಯೂರಿಯೆದುರು ನಡೆಯಬಹುದು. ಅದಕ್ಕಾಗಿ ನಿಮಗೆ ಶಿಕ್ಷೆಯೇನೂ ಇಲ್ಲ.

ಪ್ರಶ್ನೆ: ನನಗೆ ಬಂದಿರುವುದು ‘ಗ್ರ್ಯಾಂಡ್ ಜ್ಯೂರಿ’. ದೊಡ್ಡ ಕೇಸು ಅಂತಲೇ? – ಟಿ.ಎಸ್., ವರ್ಜೀನಿಯಾ

ಉತ್ತರ: ದೊಡ್ಡದು ಕೇಸಲ್ಲ, ಗುಂಪು. ಫೆಡರಲ್ ಗ್ರ್ಯಾಂಡ್ ಜ್ಯೂರಿಯಲ್ಲಿ 16ರಿಂದ 23 ಜನ. ಯಾರು ದೋಷಿ ಎಂದು ಹೇಳುವುದು ಇವರ ಕೆಲಸವಲ್ಲ, ಆರೋಪ ಹೊರಿಸುವಷ್ಟು ಆಧಾರವಿದೆಯೇ ಎಂದು ನೋಡುವುದು. 12 ಜನ ಒಪ್ಪಿದರೆ ಆರೋಪಪಟ್ಟಿ. ವಿಚಾರಣೆಯ ಹೊತ್ತಿನಲ್ಲಿ ಕೋಣೆಯಲ್ಲಿ ನ್ಯಾಯಾಧೀಶರೂ ಇರುವುದಿಲ್ಲ, ಆರೋಪಿಯ ವಕೀಲರೂ ಇರುವುದಿಲ್ಲ. ನೀವು ಯೋಚಿಸಬೇಕಾದದ್ದು ಅವಧಿ: 18 ತಿಂಗಳವರೆಗೆ, ಮತ್ತೆ 6 ತಿಂಗಳು ವಿಸ್ತರಿಸಲೂಬಹುದು. ದಿನಾ ಅಲ್ಲ, ಗೊತ್ತು ಮಾಡಿದ ದಿನಗಳಲ್ಲಿ. ಪ್ರಯಾಣ, ಹೆರಿಗೆ, ವರ್ಗಾವಣೆ ಮುಂದಿದ್ದರೆ ಮೊದಲ ದಿನವೇ ಹೇಳಿ. ಅಲ್ಲಿ ಕೇಳಿದ್ದು ಗುಟ್ಟು, ಅವಧಿ ಮುಗಿದ ಮೇಲೂ.

ಪ್ರಶ್ನೆ: ‘ಜ್ಯೂರಿಗೆ ಬರಲಿಲ್ಲ, ವಾರಂಟ್ ಹೊರಟಿದೆ, ಈಗಲೇ ಹಣ ಕಟ್ಟಿ’ ಎಂದು ಶೆರಿಫ್ (ಸ್ಥಳೀಯ ಪೊಲೀಸ್ ಅಧಿಕಾರಿ) ಕಚೇರಿಯ ಹೆಸರಲ್ಲಿ ಫೋನ್ ಬಂತು. ಒಂದು ಸಮನ್ಸ್ ನಾನು ಮರೆತದ್ದೂ ನಿಜ. – ಎ.ಪಿ., ಫೀನಿಕ್ಸ್

ಉತ್ತರ: ಫೋನ್ ಮೋಸದ್ದು, ಇಟ್ಟುಬಿಡಿ. ಗಿಫ್ಟ್ ಕಾರ್ಡ್, ಬಿಟ್‌ಕಾಯಿನ್ ಮೂಲಕ ಯಾವ ಕೋರ್ಟೂ ದಂಡ ವಸೂಲು ಮಾಡುವುದಿಲ್ಲ. ಫೋನಿನಲ್ಲಿ ಸೋಷಿಯಲ್ ಸೆಕ್ಯೂರಿಟಿ ನಂಬರು ಕೇಳುವುದಿಲ್ಲ. ಮೊಬೈಲಿನಲ್ಲಿ ಶೆರಿಫ್ ಕಚೇರಿಯದೇ ನಂಬರು ಕಂಡರೂ ನಂಬಬೇಡಿ, ಅದನ್ನು ನಕಲು ಮಾಡುವುದು ಅವರಿಗೆ ಸುಲಭ. ಹೆದರಿಸಿ ಲೈನಿನಲ್ಲೇ ಹಿಡಿದಿಟ್ಟುಕೊಳ್ಳುವುದೇ ಈ ಕಸುಬಿನ ಗುಟ್ಟು.

ಮರೆತ ಸಮನ್ಸ್ ಬೇರೆ ವಿಷಯ. ಕೋರ್ಟಿನ ವೆಬ್‌ಸೈಟಿನಿಂದ ಜ್ಯೂರಿ ಕಚೇರಿಯ ನಂಬರು ನೀವೇ ತೆಗೆದು ಕರೆಮಾಡಿ, ತಪ್ಪಿಹೋಯಿತು, ಹೊಸ ದಿನ ಕೊಡಿ ಎನ್ನಿ. ಹೀಗೆ ತಾವಾಗಿ ಬಂದವರಿಗೆ ಸಾಮಾನ್ಯವಾಗಿ ಹೊಸ ದಿನ ಸಿಗುತ್ತದೆ. ಸುಮ್ಮನಿದ್ದರೆ ಎರಡನೇ ನೋಟಿಸ್, ಆಮೇಲೆ ಕಾರಣ ಕೇಳುವ ಆದೇಶ ಬರಬಹುದು. ಫೆಡರಲ್ ಕೋರ್ಟಿನಲ್ಲಿ ಸರಿಯಾದ ಕಾರಣವಿಲ್ಲದೆ ತಪ್ಪಿಸಿದರೆ 1,000 ಡಾಲರ್‌ವರೆಗೆ ದಂಡ, 3 ದಿನದವರೆಗೆ ಜೈಲು, ಸಮುದಾಯ ಸೇವೆ, ಇವುಗಳಲ್ಲಿ ಯಾವುದಾದರೂ ಆಗಬಹುದು.

ಪ್ರಶ್ನೆ: ಮಗ ಅಲ್ಲಿಂದ ಜ್ಯೂರಿ ಕಥೆ ಹೇಳುತ್ತಾನೆ. ನಮ್ಮಲ್ಲಿ ಏಕಿಲ್ಲ? ಪಂಚನಾಮೆಯ ಪಂಚರು ಅದೇ ಅಲ್ಲವೇ? – ಬಿ.ಎಚ್., ಧಾರವಾಡ

ಉತ್ತರ: ಪಂಚರು ಜಪ್ತಿ, ಮಹಜರಿಗೆ ಸಾಕ್ಷಿಗಳು, ತೀರ್ಪು ಅವರ ಕೈಯಲ್ಲಿಲ್ಲ. ಜ್ಯೂರಿ ನಮ್ಮಲ್ಲೂ ಇತ್ತು. ಕಾನೂನು ಆಯೋಗದ 14ನೇ ವರದಿ 1958ರಲ್ಲೇ ಅದು ಬೇಡವೆಂದಿತ್ತು. ಮರುವರ್ಷ ಮುಂಬಯಿಯಲ್ಲಿ ಕೊಲೆ ಆರೋಪ ಹೊತ್ತಿದ್ದ ನೌಕಾಪಡೆ ಅಧಿಕಾರಿ ನಾನಾವತಿಯ ಕೇಸಿನ ಜ್ಯೂರಿ 8-1ರಲ್ಲಿ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಜ್ಯೂರಿಯನ್ನು ಕೊಂದದ್ದು ಆ ಒಂದೇ ಕೇಸು ಎನ್ನುವುದು ಕೇಳಲು ಚೆನ್ನ, ಆದರೆ ಪೂರ್ತಿ ಸರಿಯಲ್ಲ. ಅದು ಅದಾಗಲೇ ಹೊರಟುನಿಂತಿತ್ತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ. ಅದರ ನೆರಳು ಉಳಿದಿರುವುದು ಪಾರ್ಸಿಗಳ 1936ರ ವಿವಾಹ ಕಾಯಿದೆಯಲ್ಲಿ. ಅವರ ವಿಚ್ಛೇದನ ಕೋರ್ಟಿನಲ್ಲಿ ನ್ಯಾಯಾಧೀಶರ ಜೊತೆ ಸಮುದಾಯದ ಐವರು ಪ್ರತಿನಿಧಿಗಳು ಕೂರುತ್ತಾರೆ.

ಪ್ರಶ್ನೆ: ಕೋರ್ಟಿನಿಂದ ಬಂದ ಚೆಕ್ಕಿಗೆ ತೆರಿಗೆ ಇದೆಯೇ? – ಡಿ.ಕೆ., ಸಿಯಾಟಲ್

ಉತ್ತರ: ಇದೆ. ದಿನಭತ್ಯೆ ಆದಾಯವೇ, ತೆರಿಗೆ ರಿಟರ್ನಿನ ಶೆಡ್ಯೂಲ್ 1ರಲ್ಲಿ ತೋರಿಸಬೇಕು. ಓಡಾಟಕ್ಕೆಂದು ಕೊಟ್ಟ ಮೈಲಿ ಹಣ ಅದರಲ್ಲಿ ಸೇರುವುದಿಲ್ಲ. ಪೂರ್ತಿ ಸಂಬಳ ಕೊಟ್ಟ ಕಂಪನಿ ಆ ಭತ್ಯೆಯನ್ನು ನಿಮ್ಮಿಂದ ವಾಪಸು ಪಡೆದಿದ್ದರೆ, ಅದೇ ಶೆಡ್ಯೂಲಿನಲ್ಲಿ ಅಷ್ಟನ್ನೇ ಕಳೆಯಲು ಬೇರೆ ಸಾಲಿದೆ. ಕಂಪನಿಗೆ ಕೊಟ್ಟ ರಸೀದಿ ಇಟ್ಟುಕೊಳ್ಳಿ.